ಐದು ವಾರದ ಅತಿಥಿ

ಸಾಹಿತ್ಯ ಚರಿತ್ರೆಯಲ್ಲಿ ಅತಿಥಿಯೊಬ್ಬನ ಬಗ್ಗೆ ಹುಟ್ಟಿದ ಅತ್ಯಂತ ಪ್ರಸಿದ್ಧ ಮಾತು ಪುಸ್ತಕದಲ್ಲಿ ಬಂದದ್ದಲ್ಲ, ಕನ್ನಡಿಯ ಮೇಲೆ ಬಂದದ್ದು. 1857ರ ಜುಲೈ ತಿಂಗಳು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಗ್ಯಾಡ್ಸ್ ಹಿಲ್ ಎಂಬ ಮನೆಯಿಂದ ಡೆನ್ಮಾರ್ಕಿನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹೊರಟುಹೋದ ಮೇಲೆ, ಮನೆಯ ಯಜಮಾನ ಚಾರ್ಲ್ಸ್ ಡಿಕನ್ಸ್ ಅತಿಥಿ ಮಲಗಿದ್ದ ಕೋಣೆಯ ಕನ್ನಡಿಗೆ ಒಂದು ಚೀಟಿ ಸಿಕ್ಕಿಸಿದ. ಆಂಡರ್ಸನ್ ಈ ಕೋಣೆಯಲ್ಲಿ ಐದು ವಾರ ಮಲಗಿದ್ದ, ಮನೆಯವರಿಗೆ ಮಾತ್ರ ಅದು ಯುಗಗಳೇ ಕಳೆದಂತಾಗಿತ್ತು ಎಂಬುದು ಅದರ ತಾತ್ಪರ್ಯ.

ಡಿಕನ್ಸನ ಯಾವ ಜೀವನಚರಿತ್ರೆ ತೆರೆದರೂ ಈ ಚೀಟಿ ಸಿಗುತ್ತದೆ. ಓದಿದವರೆಲ್ಲ ನಗುತ್ತಾರೆ. ನಾನೂ ಮೊದಲ ಸಲ ಓದಿದಾಗ ಗ್ರಂಥಾಲಯದಲ್ಲಿ ಕೂತು ನಕ್ಕಿದ್ದೆ. ನೆಂಟರು ಹೋದ ಮೇಲೆ ಬಾಗಿಲು ಹಾಕಿಕೊಂಡು ಉಸಿರುಬಿಟ್ಟ ಅನುಭವ ಯಾರಿಗೆ ತಾನೇ ಇಲ್ಲ! ‘ಅತಿಥಿ ದೇವೋ ಭವ’ ಎಂದು ಹೇಳಿದ ನಮ್ಮ ಹಿರಿಯರೂ ಈ ವಿಷಯದಲ್ಲಿ ಜಾಗರೂಕರಾಗಿಯೇ ಇದ್ದರು. ಒಂದು ರಾತ್ರಿ ಮಾತ್ರ ತಂಗುವವನನ್ನು ಅತಿಥಿ ಎನ್ನಬೇಕು ಎಂದು ಮನುಸ್ಮೃತಿ ಲೆಕ್ಕ ಕೊಟ್ಟುಬಿಟ್ಟಿದೆ. ಆ ಲೆಕ್ಕದಲ್ಲಿ ಆಂಡರ್ಸನ್ ಎರಡನೆಯ ದಿನಕ್ಕೇ ಅತಿಥಿಯ ಪಟ್ಟ ಕಳೆದುಕೊಂಡಿದ್ದ.

ಆದರೆ ಆ ಚೀಟಿ ಆತಿಥೇಯನ ಕೈಬರಹ. ಅತಿಥಿಯೂ ಬರೆದಿದ್ದಾನೆ. ಆ ಐದು ವಾರಗಳ ದಿನಚರಿ ಬರೆದ, ಊರಿನ ಗೆಳೆಯರಿಗೆ ಕಾಗದ ಬರೆದ, ಮೂರು ವರ್ಷದ ನಂತರ ಆ ಭೇಟಿಯ ಬಗ್ಗೆ ಒಂದು ಲೇಖನವನ್ನೇ ಪ್ರಕಟಿಸಿದ. ಪ್ರವಾಸ ಕಥನಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಇದೊಂದು ಅಪರೂಪದ ಭಾಗ್ಯದಂತೆ ಕಾಣುತ್ತದೆ. ಏಕೆಂದರೆ ಪ್ರವಾಸ ಕಥನಗಳಲ್ಲಿ ಒಂದು ಕೊರತೆ ಯಾವಾಗಲೂ ಇರುತ್ತದೆ. ಹೋದವರು ಬರೆಯುತ್ತಾರೆ, ಮನೆಯಲ್ಲಿ ಇಳಿಸಿಕೊಂಡವರು ಬರೆಯುವುದಿಲ್ಲ. ‘ಅಮೆರಿಕಾದಲ್ಲಿ ಗೊರೂರು’ ಓದುವಾಗ ಅಮೆರಿಕ ಗೊರೂರರಿಗೆ ಹೇಗೆ ಕಂಡಿತು ಎಂದು ಸೊಗಸಾಗಿ ತಿಳಿಯುತ್ತದೆ. ಗೊರೂರರು ಅಮೆರಿಕದ ನೆರೆಹೊರೆಗೆ ಹೇಗೆ ಕಂಡರು ಎಂಬುದು ನಮಗೆ ಸಿಗುವುದಿಲ್ಲ. ಗ್ಯಾಡ್ಸ್ ಹಿಲ್‌ನಲ್ಲಿ ಎರಡೂ ಸಿಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ, ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

*

ಇಬ್ಬರ ಬಾಲ್ಯವೂ ಬಡತನದ್ದು. ಆಂಡರ್ಸನ್ ಹುಟ್ಟಿದ್ದು 1805ರಲ್ಲಿ, ಡೆನ್ಮಾರ್ಕಿನ ಓಡೆನ್ಸೆ ಊರಿನಲ್ಲಿ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ಅಮ್ಮ ಹೊಳೆಯಲ್ಲಿ ನಿಂತು ಊರವರ ಬಟ್ಟೆ ಒಗೆಯುತ್ತಿದ್ದಳು. ಹುಡುಗ ಹದಿನಾಲ್ಕರ ವಯಸ್ಸಿನಲ್ಲಿ ಒಬ್ಬನೇ ಕೋಪನ್‌ಹೇಗನ್ನಿಗೆ ಹೋದ. ಡಿಕನ್ಸ್ ಏಳು ವರ್ಷ ಚಿಕ್ಕವನು. 1824ರಲ್ಲಿ ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಶಲ್ಸೀ ಜೈಲು ಸೇರಿದಾಗ, ಹನ್ನೆರಡರ ಡಿಕನ್ಸ್ ಬೂಟು ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಬೇಕಾಯಿತು.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಆಂಡರ್ಸನ್ ತನ್ನ ಬಡತನವನ್ನು ಲೋಕಕ್ಕೆಲ್ಲ ಹೇಳಿಕೊಂಡ, ಆತ್ಮಕಥೆಯನ್ನೇ ಬರೆದ. ಡಿಕನ್ಸ್ ಆ ಕಾರ್ಖಾನೆಯ ವಿಷಯವನ್ನು ಮಕ್ಕಳಿಗೂ ತಿಳಿಯದಂತೆ ಮುಚ್ಚಿಟ್ಟ. ಜೀವದ ಗೆಳೆಯ ಜಾನ್ ಫಾರ್ಸ್ಟರ್‌ಗೆ ಹೇಳಿದ್ದ. ಡಿಕನ್ಸ್ ತೀರಿಕೊಂಡ ಮೇಲೆ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಜನರಿಗೆ ಅದು ಗೊತ್ತಾದದ್ದು. ಒಬ್ಬ ಒಳಗಿನದನ್ನೆಲ್ಲ ಹೊರಗಿಡುವವನು, ಇನ್ನೊಬ್ಬ ಬೀಗ ಹಾಕಿಡುವವನು. ಇವರಿಬ್ಬರು ಒಂದೇ ಸೂರಿನಡಿ ಐದು ವಾರ ಇದ್ದರು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ.

ಇಬ್ಬರೂ ಮೊದಲು ಭೇಟಿಯಾದದ್ದು 1847ರಲ್ಲಿ, ಲಂಡನ್ನಿನ ಲೇಡಿ ಬ್ಲೆಸಿಂಗ್‌ಟನ್ ಎಂಬಾಕೆಯ ಮನೆಯಲ್ಲಿ. ಆಂಡರ್ಸನ್ನನ ಕಥೆಗಳು ಆಗಷ್ಟೇ ಇಂಗ್ಲಿಷಿಗೆ ಬಂದು ಮನೆಮನೆಯಲ್ಲಿ ಓದುತ್ತಿದ್ದ ಕಾಲ. ಡಿಕನ್ಸ್ ತನ್ನ ಪುಸ್ತಕಗಳ ಕಟ್ಟೊಂದನ್ನು ಸಹಿ ಹಾಕಿ ಕೊಟ್ಟ. ಆಂಡರ್ಸನ್ ಊರಿಗೆ ಹೊರಟಾಗ ರಾಮ್ಸ್‌ಗೇಟ್ ಬಂದರಿನ ಕಟ್ಟೆಯವರೆಗೆ ಬಂದು ಕೈಬೀಸಿದ. ಅಷ್ಟು ಸಾಕಾಯಿತು. ಅದೇ ವರ್ಷ ಆಂಡರ್ಸನ್ ಒಂದು ಕಥಾಸಂಕಲನವನ್ನು ಡಿಕನ್ಸ್‌ಗೆ ಅರ್ಪಿಸಿದ. ಮುಂದಿನ ಹತ್ತು ವರ್ಷ ಸ್ನೇಹ ಅಂಚೆಯಲ್ಲಿ ನಡೆಯಿತು. ಇಂಗ್ಲೆಂಡಿಗೆ ಬಂದರೆ ನಮ್ಮ ಮನೆಯಲ್ಲೇ ಇಳಿಯಬೇಕು, ನಿನ್ನನ್ನು ಸಂತೋಷವಾಗಿಡಲು ನಾವೆಲ್ಲ ಪ್ರಯತ್ನಿಸುತ್ತೇವೆ ಎಂದು ಡಿಕನ್ಸ್ ಬರೆದ. ಕಾಗದದ ಸ್ನೇಹಕ್ಕೆ ಒಂದು ಅನುಕೂಲವಿದೆ. ಅಲ್ಲಿ ಯಾರೂ ಬೆಳಿಗ್ಗೆ ತಡವಾಗಿ ಏಳುವುದಿಲ್ಲ, ಊಟದ ಹೊತ್ತಿನಲ್ಲಿ ಮುಖ ಊದಿಸಿಕೊಳ್ಳುವುದಿಲ್ಲ.

ಕರೆಯನ್ನು ಆಂಡರ್ಸನ್ ನಿಜವೆಂದೇ ನಂಬಿದ. ಒಂದೆರಡು ವಾರ ಇರುತ್ತೇನೆ, ನಿಮಗೆ ತೊಂದರೆ ಕೊಡುವುದಿಲ್ಲ ಎಂದು ಮೊದಲೇ ತಿಳಿಸಿ, 1857ರ ಜೂನ್ 11ರಂದು ಗ್ಯಾಡ್ಸ್ ಹಿಲ್ ತಲುಪಿದ. ಆಗ ಅವನಿಗೆ 52 ವರ್ಷ, ಡಿಕನ್ಸ್‌ಗೆ 45.

*

ಗ್ಯಾಡ್ಸ್ ಹಿಲ್ ಆಗ ಡಿಕನ್ಸನ ಹೊಸ ಮನೆ. ರಾಚೆಸ್ಟರ್ ಪಟ್ಟಣದ ಹತ್ತಿರ, ಹೈಯಂ ಹಳ್ಳಿಯಲ್ಲಿ, ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ದಾರಿಹೋಕರನ್ನು ದರೋಡೆ ಮಾಡಿದ ಗುಡ್ಡದ ಮೇಲೆ ಈ ಮನೆ ಇದೆ. ಕಷ್ಟಪಟ್ಟು ದುಡಿದರೆ ಮುಂದೊಂದು ದಿನ ನೀನೂ ಇಂಥ ಮನೆಯಲ್ಲಿ ಇರಬಹುದು ಎಂದು ಚಿಕ್ಕಂದಿನಲ್ಲಿ ಅಪ್ಪ ತೋರಿಸಿದ್ದ ಮನೆ. 1856ರಲ್ಲಿ ಅದನ್ನೇ ಕೊಂಡ. ಮನೆ ತುಂಬ ಜನ. ಹೆಂಡತಿ ಕ್ಯಾಥರೀನ್, ಅವಳ ತಂಗಿ ಜಾರ್ಜೀನಾ, ಬದುಕುಳಿದ ಒಂಬತ್ತು ಮಕ್ಕಳು, ಬಂದುಹೋಗುವ ಗೆಳೆಯರು.

ಅತಿಥಿ ಬಂದದ್ದು ಸರಿಯಾದ ಗಳಿಗೆಯಲ್ಲಲ್ಲ. ಮೂರು ದಿನದ ಹಿಂದೆ ಡಿಕನ್ಸನ ಗೆಳೆಯ, ನಾಟಕಕಾರ ಡಗ್ಲಸ್ ಜೆರಾಲ್ಡ್ ತೀರಿಕೊಂಡಿದ್ದ. ಅವನ ಸಂಸಾರಕ್ಕೆ ಹಣ ಕೂಡಿಸಲು ಡಿಕನ್ಸ್ ನಾಟಕ ಪ್ರದರ್ಶನ, ಸಾರ್ವಜನಿಕ ವಾಚನ ಎಂದು ಓಡಾಟಕ್ಕೆ ಬಿದ್ದ. ದಿನಗಟ್ಟಲೆ ಲಂಡನ್ನಿನಲ್ಲೇ ಇರುತ್ತಿದ್ದ. ಗೆಳೆಯನನ್ನು ನೋಡಲು ಸಮುದ್ರ ದಾಟಿ ಬಂದವನು ಗೆಳೆಯನಿಲ್ಲದ ಮನೆಯಲ್ಲಿ, ಗೆಳೆಯನ ಹೆಂಡತಿ ಮಕ್ಕಳ ಜೊತೆ ಉಳಿದ.

ಭಾಷೆಯೂ ಇರಲಿಲ್ಲ. ಆಂಡರ್ಸನ್ನನ ಇಂಗ್ಲಿಷ್ ತೀರ ಹರಕು. ಅವನು ಹೋದ ಮೇಲೆ ಡಿಕನ್ಸ್ ಒಬ್ಬ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಈ ಭಾಷೆಯನ್ನೇ ಹಿಡಿದು ಹಾಸ್ಯ ಮಾಡುತ್ತಾನೆ. ಅವನ ಫ್ರೆಂಚ್ ಕಾಡುಹುಡುಗನದು, ಇಂಗ್ಲಿಷ್ ಕಿವುಡ ಮೂಗರ ಶಾಲೆಯದು, ಜರ್ಮನ್ ಯಾರ ಕಿವಿಗೂ ಗುರುತು ಸಿಗದು, ಕೊನೆಗೆ ಅವನಿಗೆ ಡೇನಿಷ್ ಕೂಡ ಬರುವುದಿಲ್ಲವೆಂದು ಅವನ ಅನುವಾದಕಿಯೇ ಹೇಳುತ್ತಾಳೆ ಎಂಬ ಧಾಟಿ. ನಗು ಬರುವಂತೆಯೇ ಇದೆ. ಆದರೆ ಪರಭಾಷೆಯ ಮನೆಯಲ್ಲಿ ನಾಲ್ಕು ದಿನ ಇದ್ದವರಿಗೆ ಇದರ ಇನ್ನೊಂದು ಮುಖ ಗೊತ್ತು. ಎಲ್ಲರೂ ನಗುವಾಗ ಅರ್ಧ ಕ್ಷಣ ತಡವಾಗಿ ನಗುವುದು, ಒಂದು ವಾಕ್ಯ ಮನಸ್ಸಿನಲ್ಲಿ ಕಟ್ಟಿ ಮುಗಿಸುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುವುದು. ತಾಯ್ನುಡಿಯಲ್ಲಿ ಮಕ್ಕಳನ್ನು ಗಂಟೆಗಟ್ಟಲೆ ಹಿಡಿದು ಕೂರಿಸಬಲ್ಲ ಮನುಷ್ಯ, ಆ ಊಟದ ಮೇಜಿನಲ್ಲಿ ಪೆದ್ದನಾಗಿ ಕೂತಿರಬೇಕಾಗಿತ್ತು.

ಮಾತು ಸೋತಾಗ ಕತ್ತರಿ ಹಿಡಿಯುತ್ತಿದ್ದ. ಕಾಗದ ಮಡಚಿ ಕತ್ತರಿಸಿ ಹಂಸ, ಕೋಟೆ, ಕುಣಿಯುವ ಹುಡುಗಿಯರನ್ನು ಮಾಡುವುದರಲ್ಲಿ ಅವನು ನಿಪುಣ. ಡಿಕನ್ಸನ ಮಗ ಹೆನ್ರಿ ಮುದುಕನಾದ ಮೇಲೂ ಇದನ್ನು ನೆನೆದಿದ್ದಾನೆ. ಕಾಡುಹೂಗಳ ಮಾಲೆ ಕಟ್ಟುವುದೂ ಅವನ ಇನ್ನೊಂದು ಹವ್ಯಾಸ. ಒಮ್ಮೆ ಕಾದಂಬರಿಕಾರ ವಿಲ್ಕಿ ಕಾಲಿನ್ಸನ ಟೋಪಿಗೆ ಗೊತ್ತಾಗದಂತೆ ಹೂವಿನ ಮಾಲೆ ಸುತ್ತಿಬಿಟ್ಟ. ಕಾಲಿನ್ಸ್ ಅದೇ ಟೋಪಿಯಲ್ಲಿ ಹಳ್ಳಿಯೊಳಗೆಲ್ಲ ತಿರುಗಿದ, ಜನ ನಕ್ಕರು.

ಇನ್ನು ಕ್ಷೌರದ ಪ್ರಸಂಗ. ಮನೆಯ ಗಂಡುಮಕ್ಕಳಲ್ಲಿ ಒಬ್ಬ ದಿನಾ ಬೆಳಿಗ್ಗೆ ತನ್ನ ಗಡ್ಡ ಬೋಳಿಸಬೇಕೆಂದು ಆಂಡರ್ಸನ್ ನಿರೀಕ್ಷಿಸಿದ. ಅತಿಥಿಗೆ ಮನೆಯ ಮಗ ಮಾಡಬೇಕಾದ ಉಪಚಾರ ಅದೆಂದು ಅವನು ತಿಳಿದಿದ್ದನಂತೆ. ಹುಡುಗರು ಹೌಹಾರಿದರು. ಕೊನೆಗೆ ಗಾಡಿಯಲ್ಲಿ ರಾಚೆಸ್ಟರಿನ ಕ್ಷೌರಿಕನ ಬಳಿ ಕಳಿಸುವ ಏರ್ಪಾಡಾಯಿತು. ಎಣ್ಣೆನೀರು ಹಾಕಿ, ಕಾಲು ತೊಳೆಸಿ ಅತಿಥಿಯನ್ನು ಒಳಗೆ ಕರೆದುಕೊಂಡ ನಾಡಿನವರಾದ ನಮಗೆ ಈ ನಿರೀಕ್ಷೆ ಅಷ್ಟೇನೂ ವಿಚಿತ್ರವೆನಿಸಬಾರದು. ಉಪಚಾರದ ವ್ಯಾಕರಣ ಊರಿಂದೂರಿಗೆ ಬೇರೆ. ಪದಗಳ ತಪ್ಪನ್ನು ಜನ ಕ್ಷಮಿಸುತ್ತಾರೆ, ಉಪಚಾರದ ತಪ್ಪನ್ನು ಕ್ಷಮಿಸುವುದಿಲ್ಲ.

ಬೂಟಿನ ಕಥೆ ಡಿಕನ್ಸನ ಕಾಗದದಲ್ಲೇ ಇದೆ. ಒಂದು ದಿನ ಆಂಡರ್ಸನ್ ಲಂಡನ್ನಿನ ಬಾಡಿಗೆ ಕುದುರೆಗಾಡಿಯಲ್ಲಿ ಬರುತ್ತಿದ್ದ. ಗಾಡಿಯವನು ಇನ್ನೂ ಪೂರ್ತಿಯಾಗದ ಹೊಸ ರಸ್ತೆಯಲ್ಲಿ ಹೊಡೆದುಕೊಂಡು ಹೋದ. ಗುರುತಿಲ್ಲದ ದಾರಿ ಕಂಡು ಇವನಿಗೆ ದರೋಡೆಯ ಭಯ. ಗಡಿಯಾರ, ಹಣ, ರೈಲಿನ ವೇಳಾಪಟ್ಟಿ, ಕತ್ತರಿ, ಚಾಕು, ಒಂದೆರಡು ಪುಸ್ತಕ, ಪರಿಚಯ ಪತ್ರಗಳು, ಎಲ್ಲವನ್ನೂ ಬೂಟಿನೊಳಗೆ ತುರುಕಿಕೊಂಡ. ಮನೆಗೆ ಬಂದಾಗ ಕಾಲು ಊರಲಾಗುತ್ತಿರಲಿಲ್ಲ.

ಡಿಕನ್ಸನ ಸಿರಿವಂತ ಗೆಳತಿ ಏಂಜೆಲಾ ಬರ್ಡೆಟ್ ಕೂಟ್ಸಳ ಲಂಡನ್ ಬಂಗಲೆಯಲ್ಲಿ ಒಂದೆರಡು ರಾತ್ರಿ ಉಳಿದಾಗ ನಡೆದದ್ದು ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಆಂಡರ್ಸನ್‌ಗೆ ಹೆಚ್ಚಿನ ದಿಂಬು ಬೇಕಿತ್ತು. ಜರ್ಬಿನ ಉಡುಪಿನ ಆಳುಗಳನ್ನು ಕೇಳಲು ಧೈರ್ಯ ಬರಲಿಲ್ಲ. ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಹೆಂಗಸರಲ್ಲಿ ಒಬ್ಬಳಾದ ಮನೆಯೊಡತಿಯನ್ನೇ ಕೇಳಿದ. ಆಕೆ ತಾನೇ ನಿಂತು ಹಾಸಿಗೆ ಸರಿಮಾಡಿಸಿದಳು. ಅಗಸಗಿತ್ತಿಯ ಮಗ ಐವತ್ತೆರಡರ ವಯಸ್ಸಿನಲ್ಲಿ, ರಾಜರ ಪಂಕ್ತಿಯಲ್ಲಿ ಕೂತು ಉಂಡ ಮೇಲೂ, ಆಳುಗಳ ಕಣ್ಣಿಗೆ ಹೆದರುತ್ತಿದ್ದ. ತಾನು ಈ ಮನೆಗೆ ಸೇರಿದವನಲ್ಲ ಎಂಬುದನ್ನು ಆಳುಗಳು ಎಲ್ಲರಿಗಿಂತ ಮೊದಲು ಕಂಡುಹಿಡಿಯುತ್ತಾರೆ ಎಂದು ಅವನಿಗೆ ಗೊತ್ತಿತ್ತು.

*

ಒಂದೆರಡು ವಾರ ಐದು ವಾರವಾದದ್ದು ಹೇಗೆ? ಅತಿಥಿಗೆ ಹೊತ್ತುಗೊತ್ತು ಇರಲಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆಂಡರ್ಸನ್ ಬರೆದುಕೊಂಡಿರುವುದು ಬೇರೆ. ಜೆರಾಲ್ಡ್ ಕುಟುಂಬಕ್ಕಾಗಿ ಆಡುವ ನಾಟಕ ನೋಡದೆ ಹೋಗಬಾರದು ಎಂದು ಡಿಕನ್ಸ್ ತುಂಬ ಪ್ರೀತಿಯಿಂದ ಕೇಳಿಕೊಂಡನಂತೆ. ಅದೇ ದಿನಗಳಲ್ಲಿ ಡಿಕನ್ಸ್ ಬೇರೆಯವರಿಗೆ ಬರೆದ ಕಾಗದಗಳಲ್ಲಿ ಆಂಡರ್ಸನ್‌ನಿಂದ ನಾವು ಬಹಳ ಕಷ್ಟಪಡುತ್ತಿದ್ದೇವೆ ಎಂಬ ಗೊಣಗಾಟವಿದೆ. ಎರಡೂ ನಿಜವಿರಬಹುದು. ‘ಇನ್ನೆರಡು ದಿನ ಇದ್ದು ಹೋಗಿ’ ಎನ್ನುವ ಮಾತಿಗೆ ನಮ್ಮಲ್ಲೂ ಎರಡು ಅರ್ಥಗಳಿವೆ. ಯಾವುದು ಕರೆ, ಯಾವುದು ಮರ್ಯಾದೆಯ ಮಾತು ಎಂದು ತಿಳಿಯಬೇಕಾದರೆ ಆ ಭಾಷೆಯಲ್ಲಿ ಹುಟ್ಟಿ ಬೆಳೆದಿರಬೇಕು. ಆಂಡರ್ಸನ್ ಪದಕ್ಕೆ ಪದ ನಂಬಿದ.

ಹಾಗೆಂದು ಅವನು ಏನೂ ಕಾಣದ ಮುಗ್ಧನೂ ಆಗಿರಲಿಲ್ಲ. ದಿನಚರಿಯಲ್ಲಿ ಮನಸ್ಸು ಕುಂದಿದ ದಿನಗಳು ಬರುತ್ತವೆ. ಮನೆಯಲ್ಲಿ ಎಲ್ಲರಿಗೂ ತಾನು ಬೇಕಾದವನಲ್ಲ ಎಂಬ ಅಳುಕೂ ಇದೆ. ಅವನ ಅಳುಕು ಸುಳ್ಳಾಗಿರಲಿಲ್ಲ. ಮಗಳು ಕೇಟ್ ಮುಂದೆ ಅವನನ್ನು ನೆನೆದದ್ದು, ಹೊರಡುವ ಮಾತೇ ಎತ್ತದ ಎಲುಬುಗೂಡಿನ ಕೊರೆತ ಎಂಬ ಅರ್ಥದ ಮಾತಿನಲ್ಲಿ.

ಆ ನಡುವೆ ಒಂದು ಪೆಟ್ಟು ಬಿತ್ತು. ಡಿಕನ್ಸ್‌ಗೇ ಅರ್ಪಿಸಿದ್ದ ಅವನ ಹೊಸ ಕಾದಂಬರಿಯ ಬಗ್ಗೆ ‘ಅಥೀನಿಯಂ’ ಪತ್ರಿಕೆಯಲ್ಲಿ ಕಟುವಾದ ವಿಮರ್ಶೆ ಬಂತು. ಆಂಡರ್ಸನ್ ಮನೆಯ ಮುಂದಿನ ಹುಲ್ಲಿನ ಮೇಲೆ ಬೋರಲು ಬಿದ್ದು ಅತ್ತ. ಆಗ ಡಿಕನ್ಸ್ ನಡೆದುಕೊಂಡ ರೀತಿ ದೊಡ್ಡದು. ಪತ್ರಿಕೆಗಳಲ್ಲಿ ನೀನೇ ಬರೆದದ್ದನ್ನು ಬಿಟ್ಟು ಬೇರೇನೂ ಓದಬೇಡ ಎಂದ. ಕಾಲಿನಿಂದ ಮರಳಿನ ಮೇಲೆ ಏನೋ ಗೀಚಿ, ಇದು ವಿಮರ್ಶೆ ಎಂದು ತೋರಿಸಿ, ಅದೇ ಕಾಲಿನಿಂದ ಅಳಿಸಿಬಿಟ್ಟ. ಈ ಪ್ರಸಂಗ ಉಳಿದುಬಂದಿರುವುದು ಅತಿಥಿಯ ಬರಹದಲ್ಲಿ. ಕನ್ನಡಿಯ ಚೀಟಿಯ ಡಿಕನ್ಸನಿಗಿಂತ ಮರಳಿನ ಮೇಲೆ ಬರೆದ ಡಿಕನ್ಸ್ ದೊಡ್ಡ ಮನುಷ್ಯ. ಅವನನ್ನು ನಮಗೆ ಉಳಿಸಿಕೊಟ್ಟವನು ಮನೆಯವರು ಸಹಿಸದ ಆ ಅತಿಥಿ.

ಜುಲೈ 4ರಂದು ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಎದುರು ‘ದಿ ಫ್ರೋಜನ್ ಡೀಪ್’ ನಾಟಕ ಆಡಿದರು. ಬರೆದವನು ವಿಲ್ಕಿ ಕಾಲಿನ್ಸ್, ಮುಖ್ಯ ಪಾತ್ರ ಡಿಕನ್ಸನದು. ತಾನು ಪ್ರೀತಿಸಿದ ಹೆಣ್ಣಿಗಾಗಿ ಪ್ರತಿಸ್ಪರ್ಧಿಯನ್ನು ಬದುಕಿಸಿ ತಾನು ಸಾಯುವ ಪಾತ್ರ. ಆಂಡರ್ಸನ್ ಕಣ್ಣೀರು ಸುರಿಸಿದ. ಡಿಕನ್ಸನ ಹೆಣ್ಣುಮಕ್ಕಳೂ ನಾದಿನಿ ಜಾರ್ಜೀನಾಳೂ ಅದರಲ್ಲಿ ಪಾತ್ರ ಮಾಡಿದ್ದರು. ಮುಂದಿನ ತಿಂಗಳು ಮ್ಯಾಂಚೆಸ್ಟರಿನ ದೊಡ್ಡ ಸಭಾಂಗಣದಲ್ಲಿ ಅದೇ ನಾಟಕ ಆಡುವಾಗ ಮನೆಯ ಹೆಂಗಸರ ದನಿ ಸಾಲದೆಂದು ವೃತ್ತಿ ನಟಿಯರನ್ನು ಕರೆಸಿದರು. ಅವರಲ್ಲಿ ಹದಿನೆಂಟರ ಎಲೆನ್ ಟರ್ನನ್ ಇದ್ದಳು.

*

ಈಗ ಆ ಮನೆಯೊಳಗೆ ಆಗ ಏನೇನು ನಡೆಯುತ್ತಿತ್ತು ಎಂದು ನೋಡಬೇಕು.

ನಮಗೆ 1857 ಎಂದರೆ ಮೀರತ್, ಝಾನ್ಸಿ, ಹಲಗಲಿ. ಆ ವರ್ಷಕ್ಕೂ ಕೆಂಟಿನ ಈ ಮನೆಗೂ ಒಂದು ನೇರವಾದ ಎಳೆ ಇದೆ. ಡಿಕನ್ಸನ ಎರಡನೆಯ ಮಗ ವಾಲ್ಟರ್ ಹದಿನಾರರ ಹುಡುಗ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿ, ಆ ಬೇಸಿಗೆಯಲ್ಲಿ ಭಾರತಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ. ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದ ಸುದ್ದಿ ಲಂಡನ್ ಮುಟ್ಟಿದ್ದು ಜೂನ್ ಕೊನೆಯ ವಾರದಲ್ಲಿ. ಅಂದರೆ ಆಂಡರ್ಸನ್ ಹೂಮಾಲೆ ಕಟ್ಟುತ್ತಾ ಕಾಗದ ಕತ್ತರಿಸುತ್ತಾ ಕೂತಿದ್ದ ಮನೆಯಲ್ಲಿ, ಒಬ್ಬ ತಾಯಿ ಹದಿನಾರರ ಮಗನನ್ನು ಯುದ್ಧ ಹೊತ್ತಿಕೊಂಡ ದೇಶಕ್ಕೆ ಕಳಿಸಲು ಅಣಿಯಾಗುತ್ತಿದ್ದಳು. ಅತಿಥಿ ಹೋದ ಐದನೆಯ ದಿನ, ಜುಲೈ 20ರಂದು, ವಾಲ್ಟರ್ ಹಡಗು ಹತ್ತಿದ. ಮತ್ತೆ ಮರಳಲಿಲ್ಲ. 1863ರ ಕೊನೆಯ ದಿನ ಕಲ್ಕತ್ತೆಯಲ್ಲಿ, ಸಾಲ ಉಳಿಸಿಕೊಂಡು, 22ರ ವಯಸ್ಸಿನಲ್ಲಿ ಸತ್ತ. ಸುದ್ದಿ ತಲುಪಿದ್ದು ಅಪ್ಪನ ಹುಟ್ಟುಹಬ್ಬದ ದಿನ.

ಡಿಕನ್ಸನನ್ನು ಬಡವರ ಪಕ್ಷಪಾತಿ ಎಂದು ಪಠ್ಯಪುಸ್ತಕಗಳಲ್ಲಿ ಓದಿ ಬೆಳೆದ ನಮಗೆ ಇನ್ನೊಂದು ಕಾಗದವೂ ಗೊತ್ತಿರಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ, ಆ ದಿಂಬಿನ ಪ್ರಸಂಗದ ಮಿಸ್ ಕೂಟ್ಸಳಿಗೇ ಬರೆದ ಕಾಗದದಲ್ಲಿ, ತಾನು ಭಾರತದ ದಂಡನಾಯಕನಾಗಿದ್ದರೆ ದಂಗೆಯ ಕಳಂಕ ಹೊತ್ತ ಆ ಜನಾಂಗವನ್ನೇ ನಿರ್ನಾಮ ಮಾಡಲು ಕೈಲಾದಷ್ಟು ಮಾಡುತ್ತಿದ್ದೆ ಎಂಬರ್ಥದ ಮಾತು ಬರೆದ. ಆ ಮಾತಿನ ಹಿಂದೆ ಮಗನ ಚಿಂತೆ ಇತ್ತು ಎನ್ನಬಹುದು. ಅದರಿಂದ ಮಾತಿನ ವಿಷ ಕಡಿಮೆಯಾಗುವುದಿಲ್ಲ.

ಅದೇ ಅಕ್ಟೋಬರಿನಲ್ಲಿ ಡಿಕನ್ಸ್ ಲಂಡನ್ ಮನೆಯ ಒಂದು ಸಣ್ಣ ಕೆಲಸಕ್ಕೆ ಆದೇಶ ಕೊಟ್ಟ. ತಾನು ಮಲಗುವ ಕೋಣೆಗೂ ಕ್ಯಾಥರೀನ್ ಮಲಗುವ ಕೋಣೆಗೂ ನಡುವೆ ಇದ್ದ ಬಾಗಿಲು ಮುಚ್ಚಿಸಬೇಕು. ಇಪ್ಪತ್ತೊಂದು ವರ್ಷದ ದಾಂಪತ್ಯ, ಹತ್ತು ಹೆರಿಗೆ. 1858ರ ಜೂನ್ 12ರಂದು, ಆಂಡರ್ಸನ್ ಬಂದಿಳಿದು ಒಂದು ವರ್ಷ ಒಂದು ದಿನ ಆದಾಗ, ಡಿಕನ್ಸ್ ತನ್ನ ಪತ್ರಿಕೆ ‘ಹೌಸ್‌ಹೋಲ್ಡ್ ವರ್ಡ್ಸ್’ನಲ್ಲಿ ಸಂಸಾರದ ವಿಷಯವಾಗಿ ಸಾರ್ವಜನಿಕ ಹೇಳಿಕೆ ಅಚ್ಚು ಹಾಕಿಸಿದ. ಕ್ಯಾಥರೀನ್‌ಗೆ ಬೇರೆ ಮನೆ, ವರ್ಷಕ್ಕೆ 600 ಪೌಂಡು. ಹಿರಿಯ ಮಗನೊಬ್ಬ ತಾಯಿಯ ಜೊತೆ ಹೋದ. ಉಳಿದ ಮಕ್ಕಳೂ ಸ್ವಂತ ತಂಗಿ ಜಾರ್ಜೀನಾಳೂ ಡಿಕನ್ಸನ ಬಳಿಯೇ ಉಳಿದರು. ಆ ಆಗಸ್ಟಿನಲ್ಲಿ ಅವನ ಇನ್ನೊಂದು ಕಾಗದ ಅಮೆರಿಕದ ಪತ್ರಿಕೆಯಲ್ಲಿ ಹೊರಬಿತ್ತು. ಆಕೆ ಮಕ್ಕಳನ್ನು ನೋಡಿಕೊಳ್ಳಲಿಲ್ಲ, ಎಲ್ಲವನ್ನೂ ತಂಗಿಯೇ ನೋಡಿಕೊಂಡಳು, ಆಕೆಯ ಮನಸ್ಸಿನ ಸ್ಥಿಮಿತವೇ ಆಗಾಗ ತಪ್ಪುತ್ತಿತ್ತು ಎಂದು ಅದರಲ್ಲಿತ್ತು. ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಡಿಕನ್ಸ್ ಪ್ರಯತ್ನಪಟ್ಟಿದ್ದ ಎಂದು ಹೇಳುವ ಸಮಕಾಲೀನರೊಬ್ಬರ ಕಾಗದಗಳನ್ನು ವಿದ್ವಾಂಸ ಜಾನ್ ಬೋವೆನ್ 2019ರಲ್ಲಿ ಬೆಳಕಿಗೆ ತಂದರು.

ಕ್ಯಾಥರೀನ್ ಪತ್ರಿಕೆಗಳಲ್ಲಿ ಉತ್ತರ ಕೊಡಲಿಲ್ಲ. ಇಡೀ ಇಂಗ್ಲೆಂಡಿನ ಓದುಗ ಸಮುದಾಯ ಗಂಡನ ಕೈಯಲ್ಲಿತ್ತು. ಆಕೆ ಜಡ, ಬೆಪ್ಪು, ಸಂಸಾರಕ್ಕೆ ಬಾರದವಳು ಎಂಬ ಚಿತ್ರ ಜೀವನಚರಿತ್ರೆಯಿಂದ ಜೀವನಚರಿತ್ರೆಗೆ ಸಾಗುತ್ತ ಬಂತು.

*

ಐದು ವಾರದ ಅತಿಥಿ ಇಲ್ಲಿ ಮತ್ತೆ ಬರುತ್ತಾನೆ.

1857ರ ಜುಲೈ 15ರ ಬೆಳಿಗ್ಗೆ ಡಿಕನ್ಸ್ ತಾನೇ ಗಾಡಿ ಹೊಡೆದುಕೊಂಡು ಆಂಡರ್ಸನ್ನನನ್ನು ಮೇಡ್‌ಸ್ಟನ್ ರೈಲು ನಿಲ್ದಾಣಕ್ಕೆ ಬಿಟ್ಟುಬಂದ. ಆಂಡರ್ಸನ್ ಊರಿಗೆ ಹೋಗಿ ಬರೆದ ಕಾಗದದಲ್ಲಿ ಒಂದು ಬೇಡಿಕೆ ಇದೆ. ಹತ್ತಿರವಿದ್ದಾಗ ನನ್ನಲ್ಲಿ ಕಂಡಿರಬಹುದಾದ ಕಪ್ಪು ಮುಖವನ್ನು ಮರೆತುಬಿಡು, ಪ್ರೀತಿಸುವ ಗೆಳೆಯನ ನೆನಪಿನಲ್ಲಿ ಒಳ್ಳೆಯವನಾಗಿ ಉಳಿಯಲು ನನಗೆ ಆಸೆ ಎಂಬ ಆಶಯ. ತನ್ನ ಮೇಲಿನ ಆರೋಪಗಳೆಲ್ಲ ಅವನಿಗೆ ಗೊತ್ತಿದ್ದವು ಎಂದಾಯಿತು. ಸೆಪ್ಟೆಂಬರಿನಲ್ಲಿ ಡಿಕನ್ಸನಿಂದ ಒಂದು ಸ್ನೇಹದ ಉತ್ತರ ಬಂತು. ಅದೇ ಕೊನೆ. ಆಮೇಲೆ ಆಂಡರ್ಸನ್ ಬರೆದ ಕಾಗದಗಳಿಗೆ ಉತ್ತರವಿಲ್ಲ.

1860ರಲ್ಲಿ ಆಂಡರ್ಸನ್ ಆ ಭೇಟಿಯ ಬಗ್ಗೆ ಡೇನಿಷ್ ಭಾಷೆಯಲ್ಲಿ ಲೇಖನ ಪ್ರಕಟಿಸಿದ. ಅದು ಇಂಗ್ಲಿಷಿಗೂ ಬಂತು. ಅದರಲ್ಲಿ ಡಿಕನ್ಸನ ಹೊಗಳಿಕೆ ತುಂಬಿ ತುಳುಕುತ್ತದೆ. ಜೊತೆಗೆ ಕ್ಯಾಥರೀನಳ ಚಿತ್ರವೂ ಇದೆ. ಸೌಮ್ಯವಾದ ನಡೆ, ಮಿತವಾದ ಮಾತು, ಮಾತಾಡುವಾಗ ದೊಡ್ಡ ಕಣ್ಣುಗಳಲ್ಲಿ ಮೂಡುವ ಬೆಳಕು, ಹಿತವಾದ ದನಿ. ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ಆಗ್ನೆಸ್ ಎಂದರೆ ತನಗೆ ಇನ್ನು ಮೇಲೆ ಈಕೆಯೇ ನೆನಪಾಗುತ್ತಾಳೆ ಎನ್ನುತ್ತಾನೆ. ಡಿಕನ್ಸ್ ಮನೆಯಿಂದ ಹೊರಗೆ ಹಾಕಿದ ಹೆಂಡತಿಯನ್ನು, ಡಿಕನ್ಸನ ಅತ್ಯಂತ ಆದರ್ಶದ ನಾಯಕಿಯ ಪಕ್ಕದಲ್ಲಿ ಕೂರಿಸಿ ತೋರಿಸಿದ ಲೇಖನ ಅದು. ದಂಪತಿ ಬೇರೆಯಾದ ಸುದ್ದಿ ಅಷ್ಟರಲ್ಲಿ ಅಟ್ಲಾಂಟಿಕ್ ದಾಟಿ ಹಳತಾಗಿತ್ತು. ಆಂಡರ್ಸನ್ ಆ ಭಾಗವನ್ನು ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ.

ಇದನ್ನು ಸಾಕ್ಷಿ ಎನ್ನಬಹುದೇ? ಸಂಶೋಧನೆಯ ಶಿಸ್ತು ತಕ್ಷಣ ಎರಡು ಆಕ್ಷೇಪ ಎತ್ತುತ್ತದೆ. ಒಂದು, ಆಂಡರ್ಸನ್ ತನ್ನನ್ನು ಇಳಿಸಿಕೊಂಡವರನ್ನೆಲ್ಲ ಹೊಗಳುವ ಸ್ವಭಾವದವನು. ಇನ್ನೊಂದು, ಭಾಷೆ ಬಾರದವನು ಒಂದು ದಾಂಪತ್ಯದ ಒಳಗನ್ನು ಏನು ಕಂಡಾನು? ಎರಡೂ ನ್ಯಾಯವಾದ ಆಕ್ಷೇಪಗಳೇ. ಅವನ ಲೇಖನದ ಆಧಾರದ ಮೇಲೆ ಅದು ಸುಖೀ ಸಂಸಾರ ಎಂದರೆ ಮೂರ್ಖತನವಾಗುತ್ತದೆ. ಅವನು ಅದನ್ನು ಸುಖೀ ಸಂಸಾರವೆಂದೇ ನಂಬಿದ್ದ, ಅಲ್ಲಿ ತಪ್ಪಿದ್ದ.

ಆದರೆ ಕ್ಯಾಥರೀನಳ ವಿಷಯ ಬೇರೆ. ಯಜಮಾನ ಲಂಡನ್ನಿನಲ್ಲಿದ್ದಾಗ ಈ ಕಷ್ಟದ ಅತಿಥಿಯನ್ನು ನೋಡಿಕೊಳ್ಳುವ ಭಾರ ಮನೆಯಲ್ಲಿದ್ದವರ ಮೇಲೆ ಬಿತ್ತು. ಕೇಟ್ ಅವನನ್ನು ಸಹಿಸಲಿಲ್ಲ, ಹುಡುಗರು ಬೆನ್ನ ಹಿಂದೆ ನಕ್ಕರು. ಆ ಮನೆಯಲ್ಲಿ ಯಾರು ತನ್ನ ಹರಕು ಮಾತು ಮುಗಿಯುವವರೆಗೂ ಕಾಯುತ್ತಾರೆ ಎಂಬುದು ಭಾಷೆ ಬಾರದವನಿಗೆ ಬಹುಬೇಗ ತಿಳಿಯುತ್ತದೆ. ಅದನ್ನು ತಿಳಿಯಲು ವ್ಯಾಕರಣ ಬೇಡ. ಮಗನನ್ನು ಯುದ್ಧಕ್ಕೆ ಕಳಿಸುವ ಸಂಕಟದಲ್ಲೂ, ಮುರಿಯುತ್ತಿದ್ದ ಸಂಸಾರದ ನಡುವೆಯೂ, ಗಂಡನ ಅತಿಥಿಯೊಡನೆ ಮೃದುವಾಗಿ ನಡೆದುಕೊಂಡ ಒಬ್ಬ ಹೆಂಗಸು ಅವನ ಬರಹದಲ್ಲಿ ಕಾಣುತ್ತಾಳೆ. ಒಂದು ವರ್ಷದ ನಂತರ ಗಂಡ ಊರಿಗೆಲ್ಲ ವರ್ಣಿಸಿದ ಹೆಂಗಸಿಗೂ ಇವಳಿಗೂ ಹೋಲಿಕೆಯೇ ಇಲ್ಲ. ಇಬ್ಬರಲ್ಲಿ ಒಬ್ಬನಿಗೆ ಆಕೆಯನ್ನು ಕೆಟ್ಟವಳೆಂದು ತೋರಿಸುವ ಅಗತ್ಯವಿತ್ತು, ಇನ್ನೊಬ್ಬನಿಗೆ ಯಾವ ಅಗತ್ಯವೂ ಇರಲಿಲ್ಲ.

ಮನೆಯವರು ಅತಿಥಿಯ ಮುಂದೆ ನಾಟಕ ಆಡುತ್ತಾರೆ, ಆದ್ದರಿಂದ ಅತಿಥಿಯ ಬರಹವನ್ನು ನಂಬಬಾರದು ಎಂದು ನನ್ನ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೇಳುವುದುಂಟು. ನಾಟಕ ಒಂದೆರಡು ದಿನ ನಡೆಯುತ್ತದೆ. ಐದು ವಾರ ನಡೆಯುವುದಿಲ್ಲ. ಡಿಕನ್ಸ್ ಸಂಸಾರಕ್ಕೆ ಯುಗವೆನಿಸಿದ ಆ ದೀರ್ಘ ವಾಸವೇ ಚರಿತ್ರೆಯ ವಿದ್ಯಾರ್ಥಿಗೆ ಆಂಡರ್ಸನ್ನನ ಮಾತಿನ ಬೆಲೆ ಹೆಚ್ಚಿಸುತ್ತದೆ.

1870ರ ಜೂನ್ 9ರಂದು ಡಿಕನ್ಸ್ ಅದೇ ಗ್ಯಾಡ್ಸ್ ಹಿಲ್‌ನಲ್ಲಿ ತೀರಿಕೊಂಡ. ಪತ್ರಿಕೆಯಲ್ಲಿ ಸುದ್ದಿ ಓದಿದ ಆಂಡರ್ಸನ್, ಇನ್ನು ಈ ಲೋಕದಲ್ಲಿ ನಮ್ಮ ಭೇಟಿಯಿಲ್ಲ, ನನ್ನ ಕಾಗದಗಳಿಗೆ ಏಕೆ ಉತ್ತರಿಸಲಿಲ್ಲವೆಂದು ತಿಳಿಯುವ ದಾರಿಯೂ ಇಲ್ಲವಾಯಿತು ಎಂಬರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡ. ಕನ್ನಡಿಯ ಚೀಟಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಐದು ವರ್ಷದ ನಂತರ ಅವನೂ ಹೋದ.

ಕ್ಯಾಥರೀನ್ ಬದುಕಿದ್ದು 1879ರವರೆಗೆ. ಸಾಯುವ ಮೊದಲು, ಡಿಕನ್ಸ್ ತನಗೆ ಬರೆದಿದ್ದ ಕಾಗದಗಳ ಕಟ್ಟನ್ನು ಮಗಳು ಕೇಟ್ ಕೈಗೆ ಕೊಟ್ಟು, ಇವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಡು, ಅವನು ಒಂದು ಕಾಲದಲ್ಲಿ ನನ್ನನ್ನು ಪ್ರೀತಿಸಿದ್ದ ಎಂದು ಲೋಕಕ್ಕೆ ತಿಳಿಯಲಿ ಎಂದಳಂತೆ. ತನ್ನ ಪರವಾಗಿ ಆಕೆ ಉಳಿಸಿಹೋದ ಸಾಕ್ಷ್ಯ ಅದೊಂದೇ. ಅದರ ಜೊತೆಗಿಡಲು ಡೆನ್ಮಾರ್ಕಿನಲ್ಲಿ ಅಚ್ಚಾದ ಕೆಲವು ಪುಟಗಳಿವೆ. ಆಕೆ ಕಾಯುತ್ತ ಕೂತು ಕೇಳಿಸಿಕೊಂಡಿದ್ದ ಹರಕು ಇಂಗ್ಲಿಷಿನ ಮನುಷ್ಯ ತನ್ನ ಭಾಷೆಯಲ್ಲಿ, ತಡವರಿಸದೆ ಬರೆದದ್ದು.